ಸೇತುವೆಯನ್ನು ಪಕ್ಕದಿಂದ ತಳ್ಳಿದರೆ?

ಮಟ್ಟು ಅಂದ ತಕ್ಷಣ ನಿಮಗೆ ನೆನಪಾಗೋದು ಗುಳ್ಳ. ಉಡುಪಿಯ ಊಟದಲ್ಲಿ ಬರುವ ಗುಳ್ಳದ ಹುಳಿ, ವಾದಿರಾಜರು ಬೀಜ ಕೊಟ್ಟರು ಅನ್ನುವ ಕತೆ, ಆಮೇಲೆ ಸಿಕ್ಕ ಜಿಐ ಟ್ಯಾಗ್. ಇವತ್ತು ನಾನು ಮಾತಾಡೋಕೆ ಹೊರಟಿರೋದು ಆ ಗುಳ್ಳ ಪೇಟೆಗೆ ಬರುವ ದಾರಿಯ ಬಗ್ಗೆ. ಮಟ್ಟುವಿನ ಎದುರಿಗೆ ಅರಬ್ಬಿ ಸಮುದ್ರ, ಬೆನ್ನಿಗೆ ಹೊಳೆ. ಕಟಪಾಡಿ ಕಡೆಗೆ ಬರಬೇಕಾದರೆ ನೀರು ದಾಟಬೇಕು. ಬಸುರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋದಕ್ಕೂ ಮಕ್ಕಳು ಶಾಲೆಗೆ ಹೋಗೋದಕ್ಕೂ ಸೇತುವೆಯೇ ಗತಿ. ಕಾಪುವಿನಿಂದ ಕುಂದಾಪುರದ ತನಕ ಇಂಥ ಊರುಗಳು ಎಷ್ಟಿವೆ ಎಣಿಸಿ ನೋಡಿ. ಹಿಂದೆ ಕಡವು ಇತ್ತು, ದೋಣಿಯವನು ಇದ್ದ. ಈಗ ಕಡವೂ ಇಲ್ಲ, ದೋಣಿಯವನೂ ಇಲ್ಲ. ಸೇತುವೆ ಹೋಯ್ತು ಅಂದ್ರೆ ಹೋಯ್ತು.

ಈ ಸೇತುವೆಗಳು ಭೂಕಂಪಕ್ಕೆ ತಡೆಯುತ್ತವಾ?

ಪ್ರಶ್ನೆ ಕೇಳಿದ ಕೂಡಲೇ ಕರಾವಳಿಯವರು ನಗುತ್ತಾರೆ. "ಭೂಕಂಪ ಎಲ್ಲುಂಟು ಮಾರಾಯ್ರೇ ನಮ್ಮಲ್ಲಿ? ನಮಗೆ ಮಳೆ ಉಂಟು, ಕಡಲ್ಕೊರೆತ ಉಂಟು, ನೆರೆ ಉಂಟು" ಅಂತಾರೆ. ಸರಿ. ಆದರೆ 2022ರ ಜೂನ್ ತಿಂಗಳು ನೆನಪಿದೆಯಾ? ಸುಳ್ಯದ ಸಂಪಾಜೆ, ಅರಂತೋಡು ಕಡೆ ಮತ್ತು ಕೊಡಗಿನ ಚೆಂಬು ಕಡೆ ಜನ ಮನೆಯಿಂದ ಹೊರಗೆ ಓಡಿ ಬಂದಿದ್ದರು. ಜೂನ್ 28ರ ಬೆಳಿಗ್ಗೆ ಆದದ್ದು 3.0 ತೀವ್ರತೆಯ ಕಂಪನ. ಅದು ಸಣ್ಣದು, ಸೇತುವೆ ಬೀಳಿಸುವಂಥದ್ದಲ್ಲ, ಒಪ್ಪಿಕೊಳ್ಳೋಣ. ಹಾಗಂತ ನೆಲ ಸತ್ತುಹೋಗಿದೆ ಅಂತ ತಿಳಿಯಬೇಡಿ.

ಇತಿಹಾಸ ಸ್ವಲ್ಪ ನೋಡಿ. ನಮ್ಮ ದೇಶದ ಮೊದಲ ಭೂಕಂಪ ಸಂಹಿತೆ ಐಎಸ್ 1893 ಬಂದದ್ದು 1962ರಲ್ಲಿ. ಅದರ ನಕ್ಷೆಯಲ್ಲಿ ದಕ್ಷಿಣದ ಪ್ರಸ್ಥಭೂಮಿಯ ಬಹುಭಾಗಕ್ಕೆ ಕೊಟ್ಟಿದ್ದ ವಲಯ ಯಾವುದು ಗೊತ್ತಾ? ಸೊನ್ನೆ. 'ಇಲ್ಲಿ ಭೂಕಂಪದ ಚಿಂತೆ ಬೇಡ' ಅನ್ನುವ ಅರ್ಥದ ಸೊನ್ನೆ. ಐದು ವರ್ಷ ಕಳೆಯಿತು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದ ಕೊಯ್ನಾ ನಡುಗಿತು. ತೀವ್ರತೆ 6ಕ್ಕೂ ಮೇಲೆ. ಅಣೆಕಟ್ಟು ಬಿರುಕು ಬಿಟ್ಟಿತು, ಊರು ನೆಲಸಮವಾಯಿತು. 1970ರ ಪರಿಷ್ಕರಣೆಯಲ್ಲಿ ಸೊನ್ನೆ ವಲಯವನ್ನೇ ಅಳಿಸಿಹಾಕಿದರು. ಆಮೇಲೆ 1993ರ ಸೆಪ್ಟೆಂಬರ್ 30, ಮತ್ತೆ ನಸುಕು, ಲಾತೂರಿನ ಕಿಲ್ಲಾರಿ. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ನಮ್ಮ ಕಲಬುರಗಿ, ಬೀದರಿನವರಿಗೆ ಆ ರಾತ್ರಿ ಇನ್ನೂ ಮರೆತಿಲ್ಲ. 2002ರಲ್ಲಿ ನಕ್ಷೆ ಮತ್ತೆ ಬದಲಾಯ್ತು, ಒಂದನೇ ವಲಯವೂ ಮಾಯ. ಆ ಪಟ್ಟಿಯಲ್ಲಿ ಬೆಂಗಳೂರು ಎರಡನೇ ವಲಯ. ಮಂಗಳೂರು, ಕಾರವಾರ? ಮೂರನೇ ವಲಯ. ಬೆಂಗಳೂರಿಗಿಂತ ಒಂದು ಮೆಟ್ಟಿಲು ಮೇಲೆ. ಉಡುಪಿ ಈ ಎರಡರ ನಡುವೆ, ಅದೇ ಕರಾವಳಿಯ ಪಟ್ಟಿಯಲ್ಲಿದೆ.

ಈಗ ಲೆಕ್ಕ ಹಾಕಿ. ನಮ್ಮ ಕರಾವಳಿ ಹೆದ್ದಾರಿಯ ಹಳೆಯ ಕಾಂಕ್ರೀಟ್ ಸೇತುವೆಗಳಲ್ಲಿ ಹಲವು 1950, 60ರ ದಶಕದವು. ಮಂಗಳೂರಿನ ಕೂಳೂರಿನ ಹಳೆ ಸೇತುವೆ ಐವತ್ತರ ದಶಕದ್ದು. ಅಂದ್ರೆ ಸಂಹಿತೆಯೇ ಇಲ್ಲದ ಕಾಲದಲ್ಲಿ, ಅಥವಾ ಸಂಹಿತೆ 'ಸೊನ್ನೆ' ಅಂದ ಕಾಲದಲ್ಲಿ ಕಟ್ಟಿದ್ದು. ಕಟ್ಟಿದ ಎಂಜಿನಿಯರುಗಳ ತಪ್ಪಲ್ಲ ಇದು. ಅವರು ಅವರ ಕಾಲದ ಪುಸ್ತಕದ ಪ್ರಕಾರ ಕಟ್ಟಿದರು. ಬಹಳ ಕಡೆ ಚೆನ್ನಾಗಿಯೇ ಕಟ್ಟಿದರು. ಆದರೆ ಆ ಪುಸ್ತಕದಲ್ಲಿ ಒಂದು ಪ್ರಶ್ನೆಯೇ ಇರಲಿಲ್ಲ.

ಯಾವ ಪ್ರಶ್ನೆ? ನಾವು ಸೇತುವೆಯನ್ನು ಕೇಳೋದು ಒಂದೇ: ಎಷ್ಟು ಭಾರ ಹೊರುತ್ತೀಯ? ಲಾರಿ, ಬಸ್ಸು, ಟ್ಯಾಂಕರ್, ಎಲ್ಲವೂ ಮೇಲಿಂದ ಕೆಳಕ್ಕೆ ಒತ್ತುವ ಭಾರ. ಭೂಕಂಪ ಕೇಳೋದು ಬೇರೆ ಪ್ರಶ್ನೆ: ಪಕ್ಕದಿಂದ ತಳ್ಳಿದರೆ ಏನು ಮಾಡುತ್ತೀಯ? ತಲೆಯ ಮೇಲೆ ಎರಡು ಕೊಡಪಾನ ಹೊತ್ತು ನಿಲ್ಲುವ ಗಟ್ಟಿಗಿತ್ತಿಯನ್ನು ಓಡುವ ಬಸ್ಸಿನಲ್ಲಿ ನಿಲ್ಲಿಸಿ ನೋಡಿ. ಹೊರುವ ಶಕ್ತಿ ಬೇರೆ, ಬ್ರೇಕ್ ಹಾಕಿದಾಗ ಬೀಳದೆ ನಿಲ್ಲುವ ಶಕ್ತಿ ಬೇರೆ.

ಆ ತಳ್ಳು ಎಷ್ಟಿರಬಹುದು? ಮೂರನೇ ವಲಯಕ್ಕೆ ಸಂಹಿತೆ ಕೊಟ್ಟಿರುವ ಅಂಕಿ 0.16. ವಿನ್ಯಾಸಕ್ಕೆ ಅದರ ಅರ್ಧ ತಗೊಳ್ತಾರೆ, 0.08. ಗಿಡ್ಡಗಿನ, ಬಿಗಿಯಾದ ಕಟ್ಟಡಗಳು ನೆಲಕ್ಕಿಂತ ಹೆಚ್ಚು ಅದುರುತ್ತವೆ, ಅದಕ್ಕೆ ಎರಡೂವರೆ ಪಟ್ಟು. ಆಯ್ತಲ್ಲ, 0.20. ಅಂದ್ರೆ 200 ಟನ್ ತೂಕದ ಒಂದು ಅಂಕಣ ಇದ್ದರೆ, ಅದನ್ನು ಹೊತ್ತ ಕಂಬದ ನೆತ್ತಿಗೆ ಪಕ್ಕದಿಂದ ಸುಮಾರು 40 ಟನ್ ತಳ್ಳು. ಒಂದು ಸಲ ಅಲ್ಲ. ಆ ಕಡೆ, ಈ ಕಡೆ, ಮತ್ತೆ ಆ ಕಡೆ, ಅರ್ಧ ನಿಮಿಷದಲ್ಲಿ ಹತ್ತಾರು ಸಲ. ಕಂಬಕ್ಕೆ ಮುರಿಯದೆ ಬಾಗುವ ಗುಣ ಇದ್ದರೆ ಈ ಅಂಕಿಯನ್ನು ಭಾಗಿಸಿ ಕಡಿಮೆ ಮಾಡಿಕೊಳ್ಳಲು ಸಂಹಿತೆ ಬಿಡುತ್ತದೆ. ಹಳೆಯ ಕಂಬಕ್ಕೆ ಆ ಗುಣ ಇದೆಯಾ ಅನ್ನೋದೇ ಪರೀಕ್ಷೆ.

ಕಂಬಕ್ಕೆ ಬರುವ ಮುಂಚೆ ಅದಕ್ಕಿಂತ ಸರಳವಾದ, ಅದಕ್ಕಿಂತ ಭಯಾನಕವಾದ ಒಂದು ವಿಷಯ ಹೇಳ್ತೀನಿ. ಹಳೆಯ ಸೇತುವೆಗಳಲ್ಲಿ ಗರ್ಡರ್ ಕಂಬಕ್ಕೆ ಅಂಟಿಕೊಂಡಿರೋದಿಲ್ಲ. ಸುಮ್ಮನೆ ಕೂತಿರುತ್ತದೆ! ಹೌದು ಸ್ವಾಮಿ, ಬೆಂಚಿನ ಮೇಲೆ ಹಲಗೆ ಇಟ್ಟ ಹಾಗೆ. ನಡುವೆ ಬೇರಿಂಗ್ ಅಂತ ಒಂದಿರುತ್ತೆ. ಬಿಸಿಲಿಗೆ ಗರ್ಡರ್ ಹಿಗ್ಗಿದಾಗ ಸರಿಯೋದಕ್ಕೆ ಅಂತ ಒಂದು ತುದಿಯಲ್ಲಿ ಉಕ್ಕಿನ ರೋಲರ್. ಉಪ್ಪುಗಾಳಿಯಲ್ಲಿ ಐವತ್ತು ವರ್ಷ ಇದ್ದ ರೋಲರ್ ಹೇಗಿರುತ್ತೆ? ತುಕ್ಕು ಹಿಡಿದು ಜಾಮ್ ಆಗಿರುತ್ತೆ. ಭೂಕಂಪದಲ್ಲಿ ಒಂದು ಕಂಬ ಈ ಕಡೆ, ಪಕ್ಕದ ಕಂಬ ಆ ಕಡೆ ವಾಲಿದರೆ ಹಲಗೆ ಬೆಂಚಿನಿಂದ ಜಾರುತ್ತದೆ. ಕಾಂಕ್ರೀಟ್ ಒಡೆಯಬೇಕಾಗಿಲ್ಲ, ಕಂಬ ಮುರಿಯಬೇಕಾಗಿಲ್ಲ. ಅಂಕಣ ಇಡಿಯಾಗಿ ಹೊಳೆಗೆ.

2001ರ ಜನವರಿ 26ರಂದು ಗುಜರಾತಿನ ಭುಜ್‌ನಲ್ಲಿ ಇದರ ಹತ್ತಿರದ್ದೇ ಆಯ್ತು. ಕಚ್ಛ್‌ಗೆ ಹೋಗುವ ಹೆದ್ದಾರಿಯಲ್ಲಿ ಸೂರಜ್‌ಬಾರಿ ಸೇತುವೆ ಇದೆ. ಬೇರಿಂಗ್‌ಗಳು ಹಾಳಾದವು, ಗರ್ಡರ್‌ಗಳು ಜಾಗ ಬಿಟ್ಟು ಸರಿದವು, ತುದಿಗಳು ಒಂದಕ್ಕೊಂದು ಗುದ್ದಿದವು. ಇಡೀ ದೇಶ ಪರಿಹಾರದ ಲಾರಿ ಕಳಿಸುತ್ತಿದ್ದ ದಿನಗಳಲ್ಲೇ ಆ ದಾರಿಗೆ ಅಡ್ಡಿಯಾಯ್ತು. ಸೇತುವೆಯ ನಿಜವಾದ ಬೆಲೆ ಗೊತ್ತಾಗೋದು ಅಂಥ ದಿನ.

ಹಾಗಾದರೆ ಗರ್ಡರ್ ಕೂರಲು ಎಷ್ಟು ಅಗಲದ ಜಾಗ ಬೇಕು? ಎಂಜಿನಿಯರುಗಳ ಬಳಿ ಒಂದು ಸೂತ್ರ ಇದೆ, ಕಷ್ಟದ್ದೇನಲ್ಲ. 305 ಮಿಲಿಮೀಟರ್ ತಗೊಳ್ಳಿ. ಅಂಕಣದ ಉದ್ದಕ್ಕೆ ಮೀಟರಿಗೆ ಎರಡೂವರೆ ಮಿಲಿಮೀಟರ್ ಸೇರಿಸಿ. ಕಂಬದ ಎತ್ತರಕ್ಕೆ ಮೀಟರಿಗೆ 10 ಮಿಲಿಮೀಟರ್ ಸೇರಿಸಿ. 20 ಮೀಟರ್ ಅಂಕಣ, 6 ಮೀಟರ್ ಕಂಬ ಆದರೆ 305, 50, 60, ಒಟ್ಟು 415. ಅಜ್ಜಿಯರ ಅಳತೆಯಲ್ಲಿ ಹೆಚ್ಚುಕಡಿಮೆ ಒಂದು ಮೊಳ. ನಿಮ್ಮೂರ ಹಳೆ ಸೇತುವೆಯ ಗರ್ಡರ್ ಕಂಬದ ಮೇಲೆ ಒಂದು ಮೊಳ ಕೂತಿದೆಯಾ, ಒಂದು ಗೇಣು ಕೂತಿದೆಯಾ? ಇದನ್ನು ಅಳೆಯಲು ಕಂಪ್ಯೂಟರ್ ಬೇಡ.

ಜಾರುವ ಭಯ ಭೂಕಂಪಕ್ಕೆ ಮಾತ್ರ ಸೀಮಿತವೂ ಅಲ್ಲ. 2025ರ ಜುಲೈ 9ರಂದು ವಡೋದರಾ ಹತ್ತಿರದ ಗಂಭೀರಾ ಸೇತುವೆ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರಲ್ಲ, ಅಲ್ಲಿ ಸರ್ಕಾರವೇ ಹೇಳಿದ್ದು ಗರ್ಡರ್ ಕೂರುವ ಪೀಠ ಮತ್ತು ಕೀಲಿನ ಭಾಗ ಜಜ್ಜಿಹೋಗಿತ್ತು ಅಂತ. ನೆಲ ನಡುಗದೆಯೇ ಹಾಗಾಯ್ತು.

ಈಗ ಕಂಬಕ್ಕೆ ಬರೋಣ. ಸೌದೆ ಹೊರೆ ಕಟ್ಟಿದವರಿಗೆ ಇದು ಕೂಡಲೇ ಅರ್ಥವಾಗುತ್ತೆ. ಉದ್ದದ ಸರಳುಗಳು ಸೌದೆ, ಅವನ್ನು ಸುತ್ತುವ ರಿಂಗ್ ಹಗ್ಗ. ಹೊರೆಯನ್ನು ನೆಟ್ಟಗೆ ನಿಲ್ಲಿಸಿ ಮೇಲಿಂದ ಒತ್ತಿದರೆ ಹಗ್ಗ ಸಡಿಲ ಇದ್ದರೂ ನಡೆಯುತ್ತೆ. ಪಕ್ಕಕ್ಕೆ ಬಾಗಿಸಿ ಬಾಗಿಸಿ ಬಿಡಿ, ಹಗ್ಗ ಬಿಗಿ ಇಲ್ಲದಿದ್ದರೆ ಹೊರೆ ಬಿಚ್ಚಿಕೊಳ್ಳುತ್ತದೆ. ಕಂಬದಲ್ಲೂ ಅಷ್ಟೇ. ರಿಂಗ್ ಹತ್ತಿರ ಹತ್ತಿರ ಇದ್ದರೆ ಒಳಗಿನ ಕಾಂಕ್ರೀಟ್ ಪುಡಿಯಾದರೂ ಚೆಲ್ಲದೆ ನಿಲ್ಲುತ್ತೆ, ಕಂಬ ವಾಲುತ್ತೆ, ಬೀಳೋದಿಲ್ಲ. ಇವತ್ತಿನ ನಿಯಮದಲ್ಲಿ ಕಂಬದ ಬುಡದಂಥ ಜಾಗದಲ್ಲಿ ರಿಂಗ್ 10ರಿಂದ 15 ಸೆಂಟಿಮೀಟರಿಗೊಂದು ಇರಬೇಕು, ತುದಿಯ ಕೊಕ್ಕೆ ಒಳಕ್ಕೆ ಮಡಿಚಿರಬೇಕು. ಭೂಕಂಪದ ತವರು ಅನ್ನಿಸಿಕೊಂಡ ಕ್ಯಾಲಿಫೋರ್ನಿಯಾದಲ್ಲೇ 1971ಕ್ಕಿಂತ ಮುಂಚೆ ಏನು ಮಾಡುತ್ತಿದ್ದರು ಗೊತ್ತಾ? ಕಂಬ ಎಷ್ಟೇ ದಪ್ಪ ಇರಲಿ, ಅರ್ಧ ಇಂಚಿನ ರಿಂಗ್, 12 ಇಂಚಿಗೊಂದು. ಅವರೇ ಹಾಗಿದ್ದ ಮೇಲೆ ನಮ್ಮ ಅರವತ್ತರ ದಶಕದ ಕಂಬಗಳನ್ನು ಬೈಯುವುದು ಹೇಗೆ?

1971ರಲ್ಲಿ ಸ್ಯಾನ್ ಫರ್ನಾಂಡೋ ಭೂಕಂಪದಲ್ಲಿ ಫ್ಲೈಓವರ್‌ಗಳು ಬಿದ್ದ ಮೇಲೆ ಅಲ್ಲಿನವರು ಎಚ್ಚೆತ್ತರು. ಮೊದಲು ಅಗ್ಗದ ಕೆಲಸ ಮಾಡಿದರು: ಗರ್ಡರ್ ಜಾರದ ಹಾಗೆ ಉಕ್ಕಿನ ಹಗ್ಗ ಬಿಗಿದರು. ಓಕ್ಲೆಂಡಿನ ಸೈಪ್ರೆಸ್ ಅನ್ನುವ ಎರಡಂತಸ್ತಿನ ಮೇಲ್ರಸ್ತೆಗೂ 1977ರಲ್ಲಿ ಹಗ್ಗ ಬಿತ್ತು. ಕಂಬಗಳ ಸರದಿ ಬರಲೇ ಇಲ್ಲ. 1989ರ ಅಕ್ಟೋಬರ್ 17ರ ಸಂಜೆ ಮೇಲಿನ ಅಂತಸ್ತು ಕೆಳಗಿನ ಅಂತಸ್ತಿನ ಮೇಲೆ ಕುಸಿಯಿತು. 42 ಜನ ಸತ್ತರು. ಕಟ್ಟಿದ್ದು ಐವತ್ತರ ದಶಕದಲ್ಲಿ. ಇನ್ನೊಂದು ಚಿತ್ರ ನಿಮ್ಮಲ್ಲಿ ಹಲವರು ನೋಡಿರುತ್ತೀರಿ, 1995ರ ಜನವರಿ 17, ಜಪಾನಿನ ಕೋಬೆ, ಹಾನ್ಶಿನ್ ಎಕ್ಸ್‌ಪ್ರೆಸ್‌ವೇ. ಸುಮಾರು 600 ಮೀಟರ್ ಉದ್ದದ ಹೆದ್ದಾರಿ ಕಂಬ ಸಮೇತ ಪಕ್ಕಕ್ಕೆ ಮಲಗಿತ್ತು. ಅದೂ ಅರವತ್ತರ ದಶಕದ ಕಂಬಗಳೇ.

'ಅವರದ್ದು ಏಳರ ಭೂಕಂಪ, ನಮಗ್ಯಾಕೆ ಅದು' ಅನ್ನಬೇಡಿ. ನಮಗೆ ಅಷ್ಟು ದೊಡ್ಡದು ಬರುತ್ತೆ ಅಂತ ನಾನೂ ಹೇಳುತ್ತಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಇನ್ನೊಬ್ಬ ಶತ್ರು ದಿನಾ ಕೆಲಸ ಮಾಡುತ್ತಿದ್ದಾನೆ. ಉಪ್ಪು.

ಕಂಬದಲ್ಲಿ ಹೊರಮೈಗೆ ಎಲ್ಲಕ್ಕಿಂತ ಹತ್ತಿರ ಇರೋದು ಯಾವುದು? ಅದೇ ರಿಂಗ್. ಎಲ್ಲಕ್ಕಿಂತ ಸಪೂರ ಇರೋದು ಯಾವುದು? ಅದೂ ರಿಂಗೇ. ಉಪ್ಪು ಒಳಗಿಳಿದಾಗ ಮೊದಲು ತುಕ್ಕು ಹಿಡಿಯುವುದು, ಮೊದಲು ತುಂಡಾಗುವುದು ರಿಂಗ್. ಒಳಗಿನ ದಪ್ಪ ಸರಳು, ನಡುವಿನ ಕಾಂಕ್ರೀಟ್ ಇನ್ನೂ ಗಟ್ಟಿಯೇ ಇರುತ್ತೆ. ಆಗ ಏನಾಗುತ್ತೆ ನೋಡಿ. ಆ ಸೇತುವೆ ಲಾರಿಯ ಭಾರವನ್ನು ಎಂದಿನಂತೆ ಹೊರುತ್ತೆ. ಅಧಿಕಾರಿಗಳು ಬಂದು ಲೋಡ್ ಟೆಸ್ಟ್ ಮಾಡುತ್ತಾರೆ. ಭಾರ ಇಟ್ಟು, ಎಷ್ಟು ಬಾಗಿತು ಅಂತ ಅಳೆದು, ಭಾರ ತೆಗೆದ ಮೇಲೆ 24 ಗಂಟೆಯಲ್ಲಿ ಬಾಗಿದ್ದರ ಶೇ. 75ರಷ್ಟಾದರೂ ವಾಪಸ್ ಬಂದರೆ ಸಾಮಾನ್ಯ ಕಾಂಕ್ರೀಟ್ ಸೇತುವೆ ಪಾಸ್. ಪಾಸ್ ಆಗಿಬಿಡುತ್ತೆ! ಯಾಕೆಂದರೆ ಆ ಪರೀಕ್ಷೆ ಗರ್ಡರ್‌ಗೆ. ಕಂಬದ ರಿಂಗನ್ನು ಅದು ಕೇಳಲೇ ಇಲ್ಲ. ಪತ್ರಿಕೆಯಲ್ಲಿ 'ಸೇತುವೆ ಸುರಕ್ಷಿತ' ಅಂತ ಬರುತ್ತೆ. ಯಾವುದರಿಂದ ಸುರಕ್ಷಿತ? ಅದು ಬರೆದಿರೋದಿಲ್ಲ.

ಉಪ್ಪಿನ ಕೆಲಸ ನಾವು ನೋಡಿಯೇ ಇದ್ದೇವೆ. ಗೋವಾದ ಪಣಜಿಯಲ್ಲಿ ಮಾಂಡೋವಿ ಸೇತುವೆ 1986ರ ಜುಲೈಯಲ್ಲಿ ಬಿತ್ತು, ಕಟ್ಟಿ ಇಪ್ಪತ್ತು ವರ್ಷ ಕೂಡ ತುಂಬಿರಲಿಲ್ಲ. ಕಾರಣಗಳಲ್ಲಿ ಮುಖ್ಯವಾದದ್ದು ಒಳಗಿನ ಉಕ್ಕಿನ ತಂತಿಗಳ ತುಕ್ಕು. ನಮ್ಮ ಕಾರವಾರದಲ್ಲಿ 2024ರ ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು, ಲಾರಿ ನೀರಿಗೆ ಬಿತ್ತು, ಚಾಲಕನನ್ನು ಜೀವಂತ ಎತ್ತಿದರು. ನಲವತ್ತು ವರ್ಷದ ಸೇತುವೆ. ಅವತ್ತು ನೆಲ ನಡುಗಿರಲಿಲ್ಲ, ಗಾಳಿ ಕೂಡ ತಳ್ಳಿರಲಿಲ್ಲ.

ಇನ್ನು ನೆಲದ ಮಾತು. ಮಟ್ಟುವಿನಂಥ ಕಡೆ, ಅಳಿವೆಯ ಹತ್ತಿರ, ಕೆಳಗಿರೋದು ಏನು? ಹೊಯ್ಗೆ, ಅದರ ತುಂಬ ನೀರು. ಸಡಿಲವಾದ ಒದ್ದೆ ಹೊಯ್ಗೆಯನ್ನು ಜೋರಾಗಿ ಅಲುಗಾಡಿಸಿದರೆ ಅದು ಕೆಲ ಕ್ಷಣ ಗಂಜಿಯಂತಾಗುತ್ತದೆ. ಕಡಲ ತಡಿಯಲ್ಲಿ ಒದ್ದೆ ಮರಳಿನ ಮೇಲೆ ನಿಂತು ಕಾಲು ತುಳಿದು ನೋಡಿದ ಮಕ್ಕಳಿಗೆಲ್ಲ ಇದು ಗೊತ್ತು. 1964ರ ಜೂನ್ 16ರಂದು ಜಪಾನಿನ ನೀಗಾತಾದಲ್ಲಿ ಷೋವಾ ಸೇತುವೆ ಬಿದ್ದದ್ದು ಹೀಗೆ. ಹೊಸ ಸೇತುವೆ, ಉದ್ಘಾಟನೆಯಾಗಿ ತಿಂಗಳಾಗಿತ್ತಷ್ಟೇ. ನದಿಯ ಮರಳು ಹಿಡಿತ ಬಿಟ್ಟಿತು, ಅಡಿಯ ಉಕ್ಕಿನ ಕೊಳವೆಗಳು ಬಾಗಿದವು, ಅಂಕಣಗಳು ಒಂದರ ಹಿಂದೆ ಒಂದು ನೀರಿಗೆ ಜಾರಿದವು.

ಇಲ್ಲಿ ಮರಳು ದಂಧೆಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಹಳೆ ಸೇತುವೆಯ ಅಡಿಪಾಯ ಬಾವಿಯ ಆಕಾರದ್ದು. ಅದನ್ನು ಪಕ್ಕಕ್ಕೆ ವಾಲದಂತೆ ಹಿಡಿದಿರುವುದು ಸುತ್ತಲಿನ ಹೊಯ್ಗೆ. ಎರಡು ಮೀಟರ್ ಹೊಯ್ಗೆ ತೆಗೆದರೆ ಕಂಬ ಎರಡು ಮೀಟರ್ ಉದ್ದವಾದ ಹಾಗೆ. ಉದ್ದ ಹೆಚ್ಚಾದಷ್ಟೂ ಅದೇ ತಳ್ಳಿಗೆ ಬುಡದ ಮೇಲಿನ ಹೊರೆ ಹೆಚ್ಚು. ಬಂಟ್ವಾಳ ತಾಲೂಕಿನ ಮೂಲರಪಟ್ಣದ ಸೇತುವೆ 2018ರ ಜೂನ್‌ನಲ್ಲಿ ಬಿದ್ದಾಗ ಊರವರು ಮೊದಲು ಬೆರಳು ತೋರಿಸಿದ್ದು ಮರಳುಗಾರಿಕೆಯ ಕಡೆಗೇ.

ಇಷ್ಟು ಹೇಳಿದ ಮೇಲೆ ಹಳೆ ಸೇತುವೆಗಳ ಪರವಾಗಿಯೂ ಮಾತಾಡಬೇಕು. ಹಳೆಯದೆಲ್ಲ ಅಪಾಯ ಅನ್ನೋದು ಶುದ್ಧ ತಪ್ಪು. ಆ ಕಾಲದವರು ಸಿಮೆಂಟಿನಲ್ಲಿ ಧಾರಾಳಿಗಳು. ಸಣ್ಣ ಸಣ್ಣ ಅಂಕಣ, ಗೋಡೆಯಂಥ ದಪ್ಪ ಕಂಬ. ಹೊಳೆಯ ಹರಿವಿನ ದಿಕ್ಕಿಗೆ ಅಂಥ ಕಂಬವನ್ನು ತಳ್ಳಿ ಬೀಳಿಸುವುದು ಸುಲಭ ಅಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಖರ್ಚು ಉಳಿಸಲು ತೆಳ್ಳಗೆ, ಒಂಟಿ ಕಂಬದ ಮೇಲೆ ಕಟ್ಟಿದ ಕೆಲವು ಸೇತುವೆಗಳಿಗಿಂತ ಐವತ್ತರ ದಶಕದ ಅಜ್ಜನೇ ಮೇಲಾಗಿರಬಹುದು. ವಯಸ್ಸು ನೋಡಿ ತೀರ್ಪು ಕೊಡೋಕಾಗಲ್ಲ. ಒಂದೊಂದನ್ನೂ ನೋಡಬೇಕು.

ನೋಡೋದು ಹೇಗೆ? ಮೊದಲು ಹಳೆ ನಕ್ಷೆ ಹುಡುಕಬೇಕು. ಅರ್ಧದಷ್ಟು ಕೆಲಸ ಇದೇ, ಮತ್ತು ಬಹಳ ಸಲ ಸೋಲುವುದೂ ಇಲ್ಲೇ. ನಕ್ಷೆ ಸಿಗದಿದ್ದರೆ ಸರಳು ಪತ್ತೆ ಮಾಡುವ ಯಂತ್ರವನ್ನು ಕಂಬದ ಮೈಮೇಲೆ ಆಡಿಸಿ ರಿಂಗ್ ಎಷ್ಟು ದೂರಕ್ಕೊಂದಿದೆ ಅಂತ ಗುರುತಿಸುತ್ತಾರೆ. ಕಾಂಕ್ರೀಟಿನಿಂದ ಕೊಳವೆಯಾಕಾರದ ತುಂಡು ಕೊರೆದು ಅದರ ಬಲ ನೋಡುತ್ತಾರೆ, ಉಪ್ಪು ಎಷ್ಟು ಆಳಕ್ಕೆ ಇಳಿದಿದೆ ನೋಡುತ್ತಾರೆ. ನದಿಯ ತಳದಲ್ಲಿ ರಂಧ್ರ ಕೊರೆದು ಮಣ್ಣು ಎಷ್ಟು ಗಟ್ಟಿ ಅಂತ ಅಳೆಯುತ್ತಾರೆ. ಕಂಪನ ಅಳೆಯುವ ಸಣ್ಣ ಪೆಟ್ಟಿಗೆಗಳನ್ನು ಅಂಟಿಸಿ, ಲಾರಿ ಹೋದಾಗ ಸೇತುವೆ ಸೆಕೆಂಡಿಗೆ ಎಷ್ಟು ಸಲ ಅದುರುತ್ತೆ ಅಂತ ದಾಖಲಿಸುತ್ತಾರೆ. ತಬಲಾದವನು ಬೆರಳಲ್ಲಿ ತಟ್ಟಿ ಶ್ರುತಿ ನೋಡುತ್ತಾನಲ್ಲ, ಹಾಗೆ. ಶ್ರುತಿ ಇಳಿದಿದ್ದರೆ ಒಳಗೆ ಎಲ್ಲೋ ಸಡಿಲ ಆಗಿದೆ. ಇಷ್ಟೂ ಕೈಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಸೇತುವೆ ಕಟ್ಟಿ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ತಳ್ಳುತ್ತಾ ಹೋಗುತ್ತಾರೆ, ಮೊದಲು ಯಾವುದು ಕೈಕೊಡುತ್ತೆ ನೋಡೋಕೆ. ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ, ಮಣಿಪಾಲದಲ್ಲಿ ಎಂಐಟಿ ಇದೆ. ಸಿವಿಲ್ ಓದುವ ಮಕ್ಕಳಿಗೆ ಮನೆ ಬಾಗಿಲಲ್ಲೇ ಪಾಠ ಕೂತಿದೆ.

ಎಲ್ಲ ಸೇತುವೆಗೂ ಇಷ್ಟು ಮಾಡೋಕೆ ದುಡ್ಡಿಲ್ಲ, ಗೊತ್ತು. ಅದಕ್ಕೇ ಮೊದಲು ಜರಡಿ ಹಿಡಿಯಬೇಕು. 2016ರಲ್ಲಿ ಕೇಂದ್ರ ಸರ್ಕಾರ ಸೇತುವೆ ನಿರ್ವಹಣಾ ವ್ಯವಸ್ಥೆ ಶುರು ಮಾಡಿ ರಾಷ್ಟ್ರೀಯ ಹೆದ್ದಾರಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಸೇತುವೆ, ಮೋರಿಗಳನ್ನು ಪಟ್ಟಿ ಮಾಡಿತು. ಒಳ್ಳೆಯ ಕೆಲಸ. ಆದರೆ ಮಟ್ಟುವಿನಂಥ ಊರಿನ ದಾರಿ ರಾಷ್ಟ್ರೀಯ ಹೆದ್ದಾರಿ ಅಲ್ಲವಲ್ಲ! ಜಿಲ್ಲೆಯ ರಸ್ತೆಗಳಿಗೂ ಅಂಥದೇ ಪಟ್ಟಿ ಬೇಕು, ಅದರಲ್ಲಿ ನಾಲ್ಕು ಕಾಲಂ ಹೆಚ್ಚಿಗೆ ಇದ್ದರೆ ಸಾಕು. ಗರ್ಡರ್ ಎಷ್ಟು ಅಗಲ ಕೂತಿದೆ. ಬೇರಿಂಗ್ ಜೀವಂತ ಇದೆಯಾ. ಕೆಳಗಿರುವುದು ಬಂಡೆಯೋ ಹೊಯ್ಗೆಯೋ. ಮತ್ತು ಈ ಸೇತುವೆ ಹೋದರೆ ಬೇರೆ ದಾರಿ ಇದೆಯಾ. ಕೊನೆಯ ಕಾಲಂಗೆ 'ಇಲ್ಲ' ಅಂತ ಉತ್ತರ ಬಂದ ಸೇತುವೆ ಸಾಲಿನಲ್ಲಿ ಮುಂದೆ ನಿಲ್ಲಬೇಕು, ಅದರ ಮೇಲೆ ಓಡಾಡುವ ವಾಹನ ಎಷ್ಟೇ ಕಡಿಮೆ ಇರಲಿ.

ಸಿಕ್ಕ ದೋಷಕ್ಕೆ ಮದ್ದೂ ಇದೆ. ಜಾಗ ಸಾಲದಿದ್ದರೆ ಕಂಬದ ನೆತ್ತಿಗೆ ಕಾಂಕ್ರೀಟ್ ಅಥವಾ ಉಕ್ಕಿನ ಚಾಚು ಕಟ್ಟಿ ಅಗಲ ಮಾಡಬಹುದು. ಗರ್ಡರ್ ಪಕ್ಕಕ್ಕೆ ಸರಿಯದ ಹಾಗೆ ಎರಡೂ ಬದಿ ಗಟ್ಟಿ ಮೋಟುಗಳನ್ನು ಎಬ್ಬಿಸಬಹುದು. ಸತ್ತ ಬೇರಿಂಗ್ ತೆಗೆದು ರಬ್ಬರಿನದ್ದು ಹಾಕಬಹುದು, ಗರ್ಡರನ್ನು ಜಾಕ್ ಕೊಟ್ಟು ಎತ್ತುವ ಕೆಲಸ ಅಷ್ಟೇ. ಕಂಬಕ್ಕೆ ಹೊಸ ರಿಂಗ್ ಸುತ್ತಿ ಕಾಂಕ್ರೀಟಿನ ಅಂಗಿ ತೊಡಿಸಬಹುದು. ಇದ್ಯಾವುದೂ ಹೊಸ ಸೇತುವೆಯಷ್ಟು ದುಬಾರಿ ಅಲ್ಲ. ಆದರೆ ಒಂದು ತೊಂದರೆ ಇದೆ. ಬೇರಿಂಗ್ ಬದಲಾಯಿಸಿದ್ದಕ್ಕೆ ಯಾರೂ ಟೇಪ್ ಕತ್ತರಿಸೋಕೆ ಬರಲ್ಲ, ಶಿಲಾಫಲಕ ಹಾಕಿಸೋಕಾಗಲ್ಲ!

ಹೆದ್ದಾರಿ 66ರ ಚತುಷ್ಪಥ ಆದಾಗ ಹಲವು ಹೊಳೆಗಳ ಮೇಲೆ ಹೊಸ ಸೇತುವೆ ಕಟ್ಟಿ ಹಳೆಯದನ್ನೂ ಒಂದು ದಿಕ್ಕಿನ ಓಡಾಟಕ್ಕೆ ಉಳಿಸಿಕೊಂಡರು. ಒಂದೇ ಹೊಳೆ, ಹತ್ತಿರ ಹತ್ತಿರ ಎರಡು ಸೇತುವೆ, ಎರಡು ಕಾಲದ ನಿಯಮ. ಹೋಗುವಾಗ ಒಂದು ಸಂಹಿತೆಯ ಮೇಲೆ ಹೋಗುತ್ತೀರಿ, ಬರುವಾಗ ಇನ್ನೊಂದರ ಮೇಲೆ ಬರುತ್ತೀರಿ. ಟೋಲ್ ಮಾತ್ರ ಎರಡೂ ಕಡೆ ಒಂದೇ.

ಅಳತೆ ಶುರು ಮಾಡೋದಕ್ಕೆ ದೊಡ್ಡ ಟೆಂಡರ್ ಬೇಡ. ಮಳೆಗಾಲ ಕಳೆದು ಡಿಸೆಂಬರ್ ಬಂದರೆ ಹೊಳೆ ತಿಳಿಯಾಗುತ್ತದೆ. ಇಳಿತದ ಹೊತ್ತು ನೋಡಿ ಒಂದು ದೋಣಿ, ಒಂದು ಏಣಿ, ಟೇಪು, ಟಾರ್ಚು, ಜೊತೆಗೊಬ್ಬ ಎಂಜಿನಿಯರ್. ಗರ್ಡರಿನ ತುದಿ ಕಂಬದ ಮೇಲೆ ಎಷ್ಟು ಕೂತಿದೆ ಅಂತ ಬರೆದುಕೊಂಡು ಬರೋಕೆ ಸೇತುವೆಯೊಂದಕ್ಕೆ ಅರ್ಧ ದಿನ ಸಾಕು.